ಕೂಲಿಯೊಡನೆ ಸೂರೂ ಬೇಕು

ಭದ್ರಾವತಿಯ ಕಾಗದನಗರಕ್ಕೆ ಹೋದಾಗಲೆಲ್ಲ ಕಾರ್ಮಿಕರ ವಸತಿಗೃಹಗಳ ಮುಂದೆ ಒಂದಿಷ್ಟು ಹೊತ್ತು ನಿಲ್ಲುತ್ತೇನೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಾಗಲಿ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯಾಗಲಿ ಯಂತ್ರಗಳ ಜೊತೆಗೆ ಮನೆಗಳನ್ನೂ ಕಟ್ಟಿಸಿದವು. ರಾತ್ರಿ ಪಾಳಿಯವನು ನಡೆದೇ ಮನೆ ಸೇರಬಹುದಿತ್ತು. ಬಾಡಿಗೆಯಲ್ಲಿ ಉಳಿದ ಸಂಬಳ ಊರ ಅಂಗಡಿಗಳನ್ನು ಸಾಕುತ್ತಿತ್ತು.

ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಶಿವಮೊಗ್ಗ-ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದತ್ತ ಈಗ ಹಲವರ ಕಣ್ಣು. ಉದ್ಯಮಿಗೆ ನಿವೇಶನ, ವಿದ್ಯುತ್ತು, ನೀರು ಒದಗಿಸುವ ಸರ್ಕಾರ ಕಾರ್ಮಿಕನ ಕೈಗೆಟಕುವ ಬಾಡಿಗೆ ಮನೆಯನ್ನೂ ಯೋಜನೆಯಲ್ಲಿ ಸೇರಿಸಬೇಕು. ದುಡಿಮೆಯೆಲ್ಲ ಬಾಡಿಗೆಗೂ ಬಸ್ಸಿಗೂ ಕರಗಿದರೆ ನುರಿತ ಕೈಗಳು ಊರು ಬಿಡುತ್ತವೆ; ನಷ್ಟ ಉದ್ಯಮದ್ದೂ ಹೌದು. ಹಳೆಯ ವಸತಿಗೃಹಗಳಲ್ಲಿ ದುರಸ್ತಿಗೆ ಯೋಗ್ಯವಾದವುಗಳಿಂದಲೇ ಈ ಕೆಲಸ ಆರಂಭವಾಗಲಿ.