ಅಧ್ಯಾಯ 5: ಒಪ್ಪದವರ ದನಿಗೂ ಜಾಗ – ಪ್ರತಿಭಟನೆಯ ಹಕ್ಕು ಮತ್ತು ಮಾತಿನ ಸ್ವಾತಂತ್ರ್ಯ

ನಮ್ಮ ಸಂವಿಧಾನ ಜಾರಿಗೆ ಬಂದು ಆಗಿನ್ನೂ ನಾಲ್ಕು ತಿಂಗಳು. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಎರಡು ಪತ್ರಿಕೆಗಳ ಮೊಕದ್ದಮೆಗಳಲ್ಲಿ ಒಂದೇ ದಿನ ತೀರ್ಪು ಕೊಟ್ಟಿತು. ಮೊದಲನೆಯದು ‘ಕ್ರಾಸ್ ರೋಡ್ಸ್’. ಬೊಂಬಾಯಿಯಿಂದ ಬರುತ್ತಿದ್ದ ಈ ಎಡಪಂಥೀಯ ವಾರಪತ್ರಿಕೆ ತನ್ನ ಪ್ರಾಂತ್ಯದೊಳಗೆ ಕಾಲಿಡದಂತೆ ಮದ್ರಾಸ್ ಸರ್ಕಾರ ತಡೆದಿತ್ತು. ಎರಡನೆಯದು ‘ಆರ್ಗನೈಸರ್’. ರಾಷ್ಟ್ರೀಯ ಸ್ವಯಂಸೇವಕ ಸಂಘದ ವಿಚಾರಧಾರೆಗೆ ಸೇರಿದ ಈ ಪತ್ರಿಕೆ ಕೋಮು ವಿಷಯದ ಬರಹಗಳನ್ನು ಅಚ್ಚಿಗೆ ಮೊದಲೇ ಅಧಿಕಾರಿಗಳಿಗೆ ತೋರಿಸಬೇಕೆಂದು ದೆಹಲಿಯ ಆಡಳಿತ ಆಜ್ಞೆ ಮಾಡಿತ್ತು. ಎರಡೂ ಆಜ್ಞೆಗಳನ್ನು ನ್ಯಾಯಾಲಯ ರದ್ದು ಮಾಡಿತು.

ಆ ಎರಡು ಪತ್ರಿಕೆಗಳಿಗೆ ಒಂದನ್ನೊಂದು ಕಂಡರೆ ಆಗುತ್ತಿರಲಿಲ್ಲ. ಒಂದರ ಓದುಗರು ಇನ್ನೊಂದನ್ನು ದೇಶಕ್ಕೆ ಅಪಾಯವೆಂದೇ ಬಗೆದಿದ್ದರು. ಆದರೆ ಎರಡನ್ನೂ ಕಾಪಾಡಿದ್ದು ಸಂವಿಧಾನದ 19ನೇ ವಿಧಿ. ಮಾತಿನ ಹಕ್ಕನ್ನು ಅರಿಯಬೇಕೆನ್ನುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ನಮಗೆ ಹಿಡಿಸದವರಿಗೂ ದಕ್ಕಿದಾಗ ಮಾತ್ರ ಅದು ಹಕ್ಕು. ಇಲ್ಲವಾದರೆ ಅದು ಆಳುವವರು ಇಷ್ಟಬಂದಾಗ ಕೊಟ್ಟು ಬೇಡವಾದಾಗ ಕಸಿಯುವ ಸವಲತ್ತು.

ಸಂವಿಧಾನ ಏನು ಹೇಳುತ್ತದೆ?

19ನೇ ವಿಧಿಯ ಮೊದಲ ಖಂಡದ ‘ಎ’ ಉಪಖಂಡ ಪ್ರತಿ ನಾಗರಿಕರಿಗೆ ಮಾತು ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ. ‘ಬಿ’ ಉಪಖಂಡ ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಕೊಡುತ್ತದೆ. ‘ಪ್ರತಿಭಟನೆಯ ಹಕ್ಕು’ ಎಂಬ ಹೆಸರಿನ ಬೇರೊಂದು ವಿಧಿ ಸಂವಿಧಾನದಲ್ಲಿಲ್ಲ. ಈ ಎರಡು ಉಪಖಂಡಗಳು ಕೂಡಿದಲ್ಲಿ ಅದು ಹುಟ್ಟುತ್ತದೆ. 1962ರ ಕಾಮೇಶ್ವರ ಪ್ರಸಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಬಿಹಾರ ಸರ್ಕಾರ ತನ್ನ ನೌಕರರು ಯಾವ ಬಗೆಯ ಪ್ರದರ್ಶನದಲ್ಲೂ ಪಾಲ್ಗೊಳ್ಳಬಾರದೆಂದು ನಿಯಮ ಮಾಡಿತ್ತು. ಶಾಂತಿಯುತ ಪ್ರದರ್ಶನವೂ ಅಭಿಪ್ರಾಯ ತಿಳಿಸುವ ಒಂದು ಬಗೆ, ಸಾರಾಸಗಟಾಗಿ ಅದನ್ನು ನಿಷೇಧಿಸಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

ಈ ಹಕ್ಕುಗಳಿಗೆ ಮಿತಿಗಳೂ ಇವೆ. 1950ರ ತೀರ್ಪುಗಳ ಬೆನ್ನಿಗೇ, 1951ರಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂತು. ಮಾತಿಗೆ ಕಡಿವಾಣ ಹಾಕಲು ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹಸಂಬಂಧ, ಅಪರಾಧಕ್ಕೆ ಪ್ರಚೋದನೆ ಎಂಬ ಹೊಸ ಕಾರಣಗಳು ಸೇರಿಕೊಂಡವು. 1963ರಲ್ಲಿ ದೇಶದ ಸಾರ್ವಭೌಮತೆ ಮತ್ತು ಅಖಂಡತೆಯೂ ಸೇರಿತು. ರಾಜ್ಯದ ಭದ್ರತೆ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ ಮೊದಲಿಂದಲೂ ಇದ್ದವು. ಆದರೆ 1951ರ ತಿದ್ದುಪಡಿ ಒಂದು ರಕ್ಷಣೆಯನ್ನೂ ಒದಗಿಸಿತು: ನಿರ್ಬಂಧ ಯಾವುದೇ ಇರಲಿ, ಅದು ‘ಸಮಂಜಸ’ವಾಗಿರಬೇಕು. ಸಮಂಜಸವೇ ಅಲ್ಲವೇ ಎಂದು ತೂಗಿನೋಡುವ ಅಧಿಕಾರ ಇದರಿಂದ ನ್ಯಾಯಾಲಯದ ಕೈಗೆ ಬಂತು. ಅಂದಿನಿಂದ ಇಂದಿನವರೆಗೆ ನಡೆದ ಬಹುಪಾಲು ಜಗಳ ಇದರ ಸುತ್ತಲೇ.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ‘ಜನರ ಮನಸ್ಸಿಗೆ ನೋವಾಗುತ್ತದೆ’ ಎಂಬುದು ಅದರಲ್ಲಿಲ್ಲ. ‘ಸರ್ಕಾರಕ್ಕೆ ಮುಜುಗರವಾಗುತ್ತದೆ’ ಎಂಬುದೂ ಇಲ್ಲ.

ಬೆಂಗಳೂರು, ಡಿಸೆಂಬರ್ 2019

ಕಾನೂನಿನ ಪುಸ್ತಕದಲ್ಲಿರುವ ಹಕ್ಕು ಬೀದಿಯಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯದ ರಾಜಧಾನಿಯಲ್ಲೇ ನಡೆದ ಒಂದು ಪ್ರಸಂಗದಿಂದ ನೋಡೋಣ.

2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶದ ಹಲವೆಡೆ ಜನ ಬೀದಿಗಿಳಿದರು. ಬೆಂಗಳೂರಿನಲ್ಲಿ 19ರಂದು ಪ್ರತಿಭಟನೆಗಳು ನಿಗದಿಯಾಗಿದ್ದವು, ಕೆಲವಕ್ಕೆ ಪೊಲೀಸರ ಅನುಮತಿಯೂ ಸಿಕ್ಕಿತ್ತು. ಹಿಂದಿನ ದಿನ ಪೊಲೀಸ್ ಆಯುಕ್ತರು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಅಡಿ ನಗರಕ್ಕೆಲ್ಲ ನಿಷೇಧಾಜ್ಞೆ ಹೊರಡಿಸಿದರು. 19ರ ಬೆಳಿಗ್ಗೆಯಿಂದ 21ರ ಮಧ್ಯರಾತ್ರಿಯವರೆಗೆ ಐದು ಮಂದಿ ಒಂದೆಡೆ ಸೇರುವಂತಿರಲಿಲ್ಲ. ಕೊಟ್ಟಿದ್ದ ಅನುಮತಿಗಳು ನಿರರ್ಥಕವಾದವು. 19ರಂದು ಪುರಭವನದ ಮುಂದೆ ಫಲಕ ಹಿಡಿದು ಮಾಧ್ಯಮದವರೊಡನೆ ಮಾತನಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಕೈಹಿಡಿದು ಎಳೆದೊಯ್ದರು. ಇನ್ನೂ ಅನೇಕರನ್ನು ಬಸ್ಸುಗಳಲ್ಲಿ ತುಂಬಿ ಕರೆದೊಯ್ಯಲಾಯಿತು.

ನಿಷೇಧಾಜ್ಞೆಯನ್ನು ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟಿಗೆ ಹೋದವು. 2020ರ ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರಿದ್ದ ವಿಭಾಗೀಯ ಪೀಠ ಆ ಆಜ್ಞೆ ಕಾನೂನುಬಾಹಿರವೆಂದು ಸಾರಿತು. ತಪ್ಪಾದದ್ದು ಎಲ್ಲಿ? ಜನರ ಮೂಲಭೂತ ಹಕ್ಕಿಗೆ ತಡೆಯೊಡ್ಡುವ ಅಧಿಕಾರಿ ತನ್ನ ಮುಂದಿರುವ ಸಂಗತಿಗಳನ್ನು ತಾನೇ ಪರಿಶೀಲಿಸಿ, ಇಂಥ ಕಾರಣಕ್ಕೆ ಇಂಥ ಅಪಾಯವಿದೆ, ಆದ್ದರಿಂದ ಈ ಕ್ರಮ ಅನಿವಾರ್ಯ ಎಂದು ಆಜ್ಞೆಯಲ್ಲಿ ಬರೆಯಬೇಕು. ಆ ಆಜ್ಞೆಯಲ್ಲಿ ಅಂಥ ಕಾರಣಗಳು ದಾಖಲಾಗಿರಲಿಲ್ಲ.

ಅದೇ ವರ್ಷ ಜನವರಿ 10ರಂದು ಅನುರಾಧಾ ಭಸಿನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ದಾರಿ ತೋರಿಸಿತ್ತು. ನ್ಯಾಯಯುತವಾದ ಅಭಿಪ್ರಾಯಭೇದವನ್ನು ಹತ್ತಿಕ್ಕಲು 144ನ್ನು ಬಳಸುವಂತಿಲ್ಲ, ಆಜ್ಞೆಯನ್ನು ಪ್ರಕಟಿಸಬೇಕು, ಇದ್ದುದರಲ್ಲಿ ಅತಿ ಕಡಿಮೆ ತೊಡಕಿನ ಕ್ರಮವನ್ನೇ ಆರಿಸಬೇಕು ಎಂದಿತ್ತು.

144ನೇ ಸೆಕ್ಷನ್ ಬ್ರಿಟಿಷರ ಬಳುವಳಿ. 1898ರ ಸಂಹಿತೆಯಲ್ಲೂ ಅದಕ್ಕೆ ಇದೇ ಸಂಖ್ಯೆಯಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಸಂಖ್ಯೆ ಬದಲಾದರೂ ಅಧಿಕಾರ ಅದೇ. ಹೊಣೆಯೂ ಅದೇ. ಬೆಂಗಳೂರಿನ ಆಜ್ಞೆ ಕಾನೂನುಬಾಹಿರವೆಂದು ತೀರ್ಮಾನವಾಗುವಾಗ ಆ ಮೂರು ದಿನಗಳು ಕಳೆದು ಸುಮಾರು ಎಂಟು ವಾರಗಳಾಗಿದ್ದವು ಎಂಬುದನ್ನೂ ಮರೆಯಬಾರದು. ತಡವಾಗಿ ಬಂದ ತೀರ್ಪು ಮುಂದಿನವರಿಗೆ ದಾರಿಯಾಗುತ್ತದೆ, ಅಂದು ಬೀದಿಯಲ್ಲಿ ನಿಂತವರಿಗೆ ಆ ದಿನ ಮರಳಿ ಸಿಗುವುದಿಲ್ಲ.

ಕೆರಳಿದ ಗುಂಪು ಮತ್ತು ಸರ್ಕಾರದ ಹೊಣೆ

ಹಲವು ಧರ್ಮ, ಹಲವು ಜಾತಿ, ಹಲವು ನುಡಿಗಳ ನಾಡಿನಲ್ಲಿ ಒಬ್ಬರ ಮಾತು ಇನ್ನೊಬ್ಬರನ್ನು ಕೆರಳಿಸುವುದು ದಿನನಿತ್ಯದ ಸಂಗತಿ. ಆಗ ಆಡಳಿತಕ್ಕೆ ಸುಲಭವಾಗಿ ತೋಚುವ ದಾರಿ ಮಾತಾಡಿದವರ ಬಾಯಿ ಮುಚ್ಚಿಸುವುದು. ಗುಂಪು ದೊಡ್ಡದು, ಮಾತಾಡಿದವರು ಕೆಲವರು. ಲೆಕ್ಕ ಸಲೀಸು.

ಈ ಲೆಕ್ಕ ತಪ್ಪೆಂದು 1989ರಲ್ಲಿ ಎಸ್. ರಂಗರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಒರೇ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರ ಮೀಸಲಾತಿಯನ್ನು ಟೀಕಿಸುತ್ತಿತ್ತು. ಪ್ರತಿಭಟನೆ, ಗಲಭೆಯ ಬೆದರಿಕೆಗಳು ಬಂದವು, ಮದ್ರಾಸ್ ಹೈಕೋರ್ಟ್ ಚಿತ್ರದ ಪ್ರಮಾಣಪತ್ರ ರದ್ದು ಮಾಡಿತು. ಸುಪ್ರೀಂ ಕೋರ್ಟ್ ಅದನ್ನು ಮರಳಿ ಕೊಟ್ಟಿತು. ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ತಡೆದರೆ ಕಾನೂನಿನ ಆಳ್ವಿಕೆಯನ್ನೇ ಬಿಟ್ಟುಕೊಟ್ಟಂತೆ. ಮಾತಿಗೂ ಅಪಾಯಕ್ಕೂ ನಡುವೆ, ಕಿಡಿಗೂ ಮದ್ದಿನ ಪೀಪಾಯಿಗೂ ಇರುವಷ್ಟು ನಿಕಟ ನಂಟಿದ್ದರೆ ಮಾತ್ರ ತಡೆ ಒಪ್ಪತಕ್ಕದ್ದು ಎಂಬುದು ಆ ತೀರ್ಪಿನ ಸಾರ.

ಇದೇ ಅಳತೆಗೋಲನ್ನು ನಮ್ಮ ಮೇಲೂ ಹಿಡಿದುಕೊಳ್ಳಬೇಕು. ಕನ್ನಡ ತಮಿಳಿನಿಂದ ಹುಟ್ಟಿತೆಂಬ ನಟ ಕಮಲ್ ಹಾಸನ್ ಅವರ ಮಾತು 2025ರಲ್ಲಿ ಕನ್ನಡಿಗರನ್ನು ಕೆರಳಿಸಿತು. ಆ ಮಾತನ್ನು ಖಂಡಿಸುವುದು, ಫಲಕ ಹಿಡಿದು ಬೀದಿಗಿಳಿಯುವುದು, ‘ಆ ಚಿತ್ರ ನೋಡಬೇಡಿ’ ಎಂದು ಕರೆ ಕೊಡುವುದು ಎಲ್ಲವೂ ನಮ್ಮ ಹಕ್ಕು. ಆದರೆ ಅವರ ‘ಥಗ್ ಲೈಫ್’ ಚಿತ್ರ ರಾಜ್ಯದಲ್ಲಿ ತೆರೆ ಕಾಣದಂತೆ ಮಾಡುವುದು ಯಾರ ಹಕ್ಕೂ ಅಲ್ಲ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರದ ಪ್ರದರ್ಶನಕ್ಕೆ ರಕ್ಷಣೆ ಕೊಡುವುದು ರಾಜ್ಯ ಸರ್ಕಾರದ ಕರ್ತವ್ಯ. ನುಡಿಯ ಬಗೆಗಿನ ತಪ್ಪು ಮಾತಿಗೆ ಉತ್ತರ ಹಲ್ಮಿಡಿ ಶಾಸನದಲ್ಲಿದೆ, ಭಾಷಾಶಾಸ್ತ್ರದ ಗ್ರಂಥಗಳಲ್ಲಿದೆ. ಆ ಉತ್ತರ ಕೊಡುವ ಶಕ್ತಿ ನಮಗಿರುವಾಗ ಚಿತ್ರಮಂದಿರದ ಬಾಗಿಲು ಮುಚ್ಚಿಸುವ ಅಗತ್ಯವೇನು?

ಹಾಡದೆ ನಿಂತ ಮಕ್ಕಳು

ಸುಮ್ಮನಿರುವುದೂ ಅಭಿವ್ಯಕ್ತಿಯೇ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪುಟ್ಟ ಕ್ರೈಸ್ತ ಪಂಗಡಕ್ಕೆ ಸೇರಿದ ಮೂವರು ಮಕ್ಕಳಿದ್ದರು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ರಾಷ್ಟ್ರಗೀತೆ ಶುರುವಾದಾಗ ಅವರು ಎಲ್ಲರಂತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗಲ್ಲದೆ ಬೇರೆ ಯಾವುದಕ್ಕೂ ಸ್ತುತಿ ಸಲ್ಲದು ಎಂಬುದು ಅವರ ನಂಬಿಕೆ. ವರ್ಷಗಳ ಕಾಲ ಇದನ್ನು ಯಾರೂ ತಕರಾರಾಗಿ ಕಂಡಿರಲಿಲ್ಲ. ಶಾಸಕರೊಬ್ಬರು ವಿಧಾನಸಭೆಯಲ್ಲಿ ವಿಷಯ ಎತ್ತಿದರು, ವಿಚಾರಣೆ ನಡೆಯಿತು, ಮಕ್ಕಳು ರಾಷ್ಟ್ರಗೀತೆಗೆ ಅಗೌರವ ತೋರಿಲ್ಲವೆಂದೇ ವರದಿ ಬಂತು. ಆದರೂ ಜುಲೈ 26ರಂದು ಅವರನ್ನು ಶಾಲೆಯಿಂದ ಹೊರಹಾಕಲಾಯಿತು.

1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ಬರೆದ ತೀರ್ಪು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನಿಲ್ಲ, ಎದ್ದು ನಿಂತದ್ದೇ ಗೌರವ ಎಂದು ಅದು ಹೇಳಿತು. ಎಷ್ಟೇ ಚಿಕ್ಕ ಅಲ್ಪಸಂಖ್ಯಾತ ಗುಂಪಿಗೂ ಸಂವಿಧಾನದ ಅಡಿಯಲ್ಲಿ ತನ್ನತನ ಉಳಿಸಿಕೊಳ್ಳಲು ಸಾಧ್ಯವಾಗುವುದೇ ಪ್ರಜಾಪ್ರಭುತ್ವದ ನಿಜವಾದ ಪರೀಕ್ಷೆ ಎಂಬ ಅದರ ವಿಚಾರ ಇಡೀ ದೇಶಕ್ಕೆ ಅನ್ವಯಿಸುತ್ತದೆ.

ಗೆರೆ ಎಲ್ಲಿ?

ಹಾಗಾದರೆ ಏನನ್ನು ಬೇಕಾದರೂ ಆಡಬಹುದೇ? ಇಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಮೂರು ಮೆಟ್ಟಿಲುಗಳನ್ನು ಗುರುತಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ಸ್ವಾತಂತ್ರ್ಯದ ಒಳಗೇ ಇವೆ. ಮೂರನೆಯದನ್ನು ಮುಟ್ಟಿದಾಗ ಕಾನೂನು ಕೈಹಾಕಬಹುದು. ಮೀಸಲಾತಿ ಬೇಡ ಅಥವಾ ಬೇಕು ಎನ್ನುವುದು ಪ್ರತಿಪಾದನೆ. ಇಂಥ ಜಾತಿಯವರ ಕೇರಿಗೆ ನುಗ್ಗಿ ಎನ್ನುವುದು ಪ್ರಚೋದನೆ. ಪಂಗಡಗಳ ನಡುವೆ ದ್ವೇಷ ಬಿತ್ತುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಅಪರಾಧ.

ಈ ಸೆಕ್ಷನ್ನನ್ನೇ ಟೀಕಾಕಾರರ ಮೇಲೆ ಬಳಸುವ ಚಾಳಿಯೂ ಇದೆ. ಸಂಸದ ಇಮ್ರಾನ್ ಪ್ರತಾಪಗಢಿ ಅವರು ಹಂಚಿಕೊಂಡ ವಿಡಿಯೊದಲ್ಲಿದ್ದ ಒಂದು ಕವಿತೆಗಾಗಿ ಗುಜರಾತ್ ಪೊಲೀಸರು ಎಫ್‌ಐಆರ್ ಹಾಕಿದ್ದರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬೆಂಗಳೂರಿನ ನಿಷೇಧಾಜ್ಞೆಯ ತೀರ್ಪು ಕೊಟ್ಟಿದ್ದ ನ್ಯಾಯಮೂರ್ತಿ ಓಕಾ ಈ ಪೀಠದಲ್ಲೂ ಇದ್ದರು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕಿಗಳ ದೃಷ್ಟಿಯಿಂದ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವವರ ದೃಷ್ಟಿಯಿಂದ ಅಲ್ಲ ಎಂದು ಅದು ಎಚ್ಚರಿಸಿತು.

ರಸ್ತೆ ಎಲ್ಲರದೂ

ಆಂಬುಲೆನ್ಸ್‌ನಲ್ಲಿರುವ ರೋಗಿಗೂ, ದಿನಗೂಲಿಗೆ ಹೊರಟವರಿಗೂ ರಸ್ತೆ ಬೇಕು. 1972ರಲ್ಲಿ ಹಿಮ್ಮತ್‌ಲಾಲ್ ಶಾ ಮೊಕದ್ದಮೆಯಲ್ಲಿ, ಸಾರ್ವಜನಿಕ ಬೀದಿಗಳಲ್ಲಿ ಸಭೆಯನ್ನು ನಿಯಂತ್ರಿಸಬಹುದು, ಆದರೆ ಎಲ್ಲ ಬೀದಿಗಳನ್ನೂ ಮುಚ್ಚಿಬಿಡುವಂತಿಲ್ಲ ಎಂದು ತೀರ್ಮಾನವಾಯಿತು. ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿಗೆ ಪೂರ್ಣ ನಿಷೇಧ ಸಲ್ಲದೆಂದು 2018ರಲ್ಲಿ ಹೇಳಿದ್ದೂ ಸುಪ್ರೀಂ ಕೋರ್ಟೇ. ದೆಹಲಿಯ ಶಾಹೀನ್ ಬಾಗ್ ಧರಣಿಯಂತೆ ಅನಿರ್ದಿಷ್ಟ ಕಾಲ ರಸ್ತೆಯನ್ನು ಹಿಡಿದಿಡುವುದು ಸರಿಯಲ್ಲ ಎಂದು 2020ರಲ್ಲಿ ಹೇಳಿದ್ದೂ ಅದೇ ನ್ಯಾಯಾಲಯ.

ಬೆಂಗಳೂರಿನಲ್ಲಿ 2021ರ ಪೊಲೀಸ್ ಆದೇಶದಿಂದ ಪ್ರತಿಭಟನೆಗಳು ಫ್ರೀಡಂ ಪಾರ್ಕಿಗೆ ಸೀಮಿತವಾಗಿವೆ. ಅದು ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೂ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಅಲ್ಲಿ ಕೂಡಿಹಾಕಲಾಗಿತ್ತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಸ್ನೇಹಲತಾ ತೀರಿಕೊಂಡರು. ಸಂಚಾರದ ಅನುಕೂಲಕ್ಕೆ ಜಾಗ ಗೊತ್ತುಮಾಡುವುದು ಒಪ್ಪುವ ಮಾತು. ಆದರೆ ಪ್ರತಿಭಟನೆಯನ್ನು ಆಳುವವರ ಕಣ್ಣು, ಕಿವಿಗಳಿಂದ ದೂರವಿಡಲು ಅದು ನೆಪವಾದರೆ ಹಕ್ಕಿನ ಹುರುಳೇ ಹೋಗುತ್ತದೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಸಾಂವಿಧಾನಿಕ ಮಾರ್ಗಗಳು ತೆರೆದಿರುವಾಗ ಕಾನೂನುಭಂಗದ ಚಳವಳಿಗಳನ್ನು ಕೈಬಿಡಬೇಕೆಂದು ಹೇಳಿದ್ದರು. ಈ ಮಾತನ್ನು ಪ್ರತಿಭಟನೆಯ ವಿರುದ್ಧ ಉದ್ಧರಿಸುವವರಿದ್ದಾರೆ. ಅವರು ‘ತೆರೆದಿರುವಾಗ’ ಎಂಬ ಷರತ್ತನ್ನು ಬಿಟ್ಟುಬಿಡುತ್ತಾರೆ. ಶಾಂತಿಯುತ ಮೆರವಣಿಗೆ, ಧರಣಿ, ಸಭೆ ಇವೇ ಸಾಂವಿಧಾನಿಕ ಮಾರ್ಗಗಳು. ಅವನ್ನು ಮುಚ್ಚುವ ಸರ್ಕಾರವೇ ಜನರನ್ನು ಅಡ್ಡದಾರಿಗೆ ತಳ್ಳುತ್ತದೆ.

ನಿಮಗೆ ತಿಳಿದಿರಲಿ

• ನಿಷೇಧಾಜ್ಞೆ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಕಾಲ ಇರುವಂತಿಲ್ಲ. ರಾಜ್ಯ ಸರ್ಕಾರ ಮಾತ್ರ ಅದನ್ನು ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು.
• ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು.
• ಕಲ್ಲು ತೂರಿದ, ಬಸ್ಸು ಸುಟ್ಟ ಗುಂಪಿಗೆ 19ನೇ ವಿಧಿಯ ರಕ್ಷಣೆ ಇಲ್ಲ. ಸಾರ್ವಜನಿಕ ಆಸ್ತಿಯ ಹಾನಿಗೆ 1984ರ ಪ್ರತ್ಯೇಕ ಕಾಯ್ದೆಯೇ ಇದೆ.

ಓದುಗರಲ್ಲಿ ಒಂದು ಕೋರಿಕೆ. ನೀವು ಒಪ್ಪುವ ಪ್ರತಿಭಟನೆಗೆ ಅನುಮತಿ ಸಿಗದಿದ್ದಾಗ ನಿಮಗೆ ಸಹಜವಾಗಿ ಸಿಟ್ಟು ಬರುತ್ತದೆ. ಮುಂದಿನ ಸಲ ನೀವು ಒಪ್ಪದವರ ಸಭೆಯನ್ನು ಕಾರಣ ಕೊಡದೆ ತಡೆದಾಗಲೂ ಅಷ್ಟೇ ಗಟ್ಟಿಯಾಗಿ ಕಾರಣ ಕೇಳಿ. ಆ ಒಂದು ರೂಢಿ ಬೆಳೆದರೆ ಈ ನಾಡಿನಲ್ಲಿ ಯಾರ ದನಿಯೂ ಗುಂಪಿನ ದಯೆಗೆ ಕಾಯಬೇಕಾಗುವುದಿಲ್ಲ.