ನಿಮ್ಮ ಬೀದಿ, ರಾಜ್ಯದ ಹಣ: ಕೇಳುವವರು ಯಾರು?



ನಿಮ್ಮ ಮನೆಯ ಮುಂದಿನ ರಸ್ತೆ ಯಾರದು ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? ‘ಕಾರ್ಪೊರೇಷನ್ನಿನದು’ ಎನ್ನುವಿರಿ. ಸರಿಯೇ. ಆದರೆ ಆ ರಸ್ತೆಗೆ ಸುರಿದ ಜಲ್ಲಿ, ಟಾರಿನ ಹಣ ಯಾರದು? ಇಲ್ಲಿ ನಮ್ಮಲ್ಲಿ ಬಹಳ ಮಂದಿ ತಡವರಿಸುತ್ತೇವೆ. ರಸ್ತೆ ಕಾರ್ಪೊರೇಷನ್ನಿನದಾದರೂ ಅದನ್ನು ಹೊಸದಾಗಿ ಹಾಕುವ ಹಣ ಅನೇಕ ವೇಳೆ ರಾಜ್ಯ ಸರ್ಕಾರದ್ದು. ಸರ್ಕಾರದ್ದು ಎಂದರೆ ಕೊನೆಗೆ ನಿಮ್ಮದು, ನಮ್ಮದು. ಈ ಸಣ್ಣ ಲೆಕ್ಕ ಗೊತ್ತಿರುವವನು ತನ್ನ ಬೀದಿಯ ಬಗ್ಗೆ ಕೇಳುವ ರೀತಿಯೇ ಬೇರೆ. ಆದ್ದರಿಂದ ಈ ಸಲ ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೂರು ಬಗೆಯ ರಸ್ತೆಗಳು

ಚೆನ್ನೈ ಕಾರ್ಪೊರೇಷನ್ ನಮ್ಮ ದೇಶದ ಅತ್ಯಂತ ಹಳೆಯ ನಗರಸಭೆ. 1688ರಲ್ಲಿ ಆರಂಭವಾದದ್ದು. 2011ರಲ್ಲಿ ಸುತ್ತಲಿನ 42 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿಕೊಂಡು ಅದು 174 ಚದರ ಕಿಲೋಮೀಟರಿನಿಂದ 426 ಚದರ ಕಿಲೋಮೀಟರಿಗೆ ಬೆಳೆಯಿತು. 155 ಇದ್ದ ವಾರ್ಡುಗಳು 200 ಆದವು. ಹಳ್ಳಿಯ ಪಂಚಾಯಿತಿ ನೋಡಿಕೊಳ್ಳುತ್ತಿದ್ದ ಮಣ್ಣು ರಸ್ತೆಗಳೂ ಒಂದೇ ಏಟಿಗೆ ನಗರದ ರಸ್ತೆಗಳಾದವು.

ಈ ನಗರದಲ್ಲಿ ನೀವು ಓಡಾಡುವ ರಸ್ತೆಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಅಣ್ಣಾ ಸಾಲೈಯಂಥ ದೊಡ್ಡ ರಸ್ತೆಗಳು. ಇವನ್ನು ನೋಡಿಕೊಳ್ಳುವುದು ರಾಜ್ಯ ಹೆದ್ದಾರಿ ಇಲಾಖೆ. ಎರಡನೆಯದು ಕಾರ್ಪೊರೇಷನ್ನಿಗೆ ಸೇರಿದ, ಬಸ್ಸು ಓಡಾಡುವ ರಸ್ತೆಗಳು. ಇವು ಸುಮಾರು 387 ಕಿಲೋಮೀಟರ್. ಮೂರನೆಯದು ನಮ್ಮ ನಿಮ್ಮ ಮನೆಗಳಿರುವ ಒಳರಸ್ತೆಗಳು. ಇವು 5,000 ಕಿಲೋಮೀಟರಿಗೂ ಹೆಚ್ಚು. ಒಂದಕ್ಕೊಂದು ಜೋಡಿಸಿದರೆ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋಗಿ, ತಿರುಗಿ ಬರಲು ಹೊರಡಬಹುದು! ಇಷ್ಟು ಉದ್ದದ ರಸ್ತೆಯನ್ನು ಒಂದು ನಗರಸಭೆ ತನ್ನ ಸ್ವಂತ ದುಡ್ಡಿನಿಂದಲೇ ಕಾಪಾಡುವುದು ಸಾಧ್ಯವೆ?

ಹಣ ಬರುವ ದಾರಿ

ಕಾರ್ಪೊರೇಷನ್ನಿಗೆ ಸ್ವಂತ ಆದಾಯವಿಲ್ಲವೆಂದಲ್ಲ. ನಿಮ್ಮ ತಂದೆತಾಯಿ ಆರು ತಿಂಗಳಿಗೊಮ್ಮೆ ಕಟ್ಟುವ ಆಸ್ತಿ ತೆರಿಗೆ ಇದೆ. ನೀವು ಕೆಲಸಕ್ಕೆ ಸೇರಿದ ಮೇಲೆ ಸಂಬಳದಲ್ಲಿ ಹಿಡಿಯುವ ವೃತ್ತಿ ತೆರಿಗೆ ಇದೆ. 2022ರಲ್ಲಿ ರಾಜ್ಯದ ನಗರಗಳಲ್ಲಿ ಆಸ್ತಿ ತೆರಿಗೆಯನ್ನು ಶೇಕಡಾ 25ರಿಂದ 150ರವರೆಗೆ ಏರಿಸಿದಾಗ ಮನೆಯಲ್ಲಿ ನಡೆದ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಆದರೆ ಈ ಹಣ ಕಸ ಎತ್ತುವುದಕ್ಕೆ, ಬೀದಿ ದೀಪಕ್ಕೆ, ಶಾಲೆ ಆಸ್ಪತ್ರೆಗಳಿಗೆ, ನೌಕರರ ಸಂಬಳಕ್ಕೆ ಹಂಚಿಹೋಗುತ್ತದೆ. ಸಾವಿರಾರು ಕಿಲೋಮೀಟರ್ ರಸ್ತೆಗೆ ಅದೊಂದೇ ಸಾಲದು.

ಆಗ ಬರುವುದು ರಾಜ್ಯದ ಹಣ. ಇದು ದಯೆಯಿಂದ ಕೊಡುವ ದಾನವಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ, ರಾಜ್ಯದ ತೆರಿಗೆಯಲ್ಲಿ ನಗರಗಳಿಗೆ ಎಷ್ಟು ಪಾಲು ಎಂಬುದನ್ನು ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಪರಿಶೀಲಿಸಬೇಕು. ತಮಿಳುನಾಡಿನ ಐದನೆಯ ಆಯೋಗದ ಅವಧಿಯಲ್ಲಿ ರಾಜ್ಯದ ಸ್ವಂತ ತೆರಿಗೆಯ ಶೇಕಡಾ 10 ಭಾಗವನ್ನು ಹಳ್ಳಿ, ಪಟ್ಟಣ, ನಗರಗಳ ಸ್ಥಳೀಯ ಸಂಸ್ಥೆಗಳಿಗೆಲ್ಲ ಸೇರಿಸಿ ಹಂಚಲಾಯಿತು.

ಇದಲ್ಲದೆ ಬೇರೆ ಬೇರೆ ಯೋಜನೆಗಳ ಹಣವೂ ಬರುತ್ತದೆ. 2011ರಲ್ಲಿ ನಗರ ವಿಸ್ತಾರವಾದಾಗ ಚೆನ್ನೈ ಮಹಾನಗರ ಅಭಿವೃದ್ಧಿ ಯೋಜನೆ ಎಂದು ವರ್ಷಕ್ಕೆ 500 ಕೋಟಿ ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿತು. ನಗರಗಳ ರಸ್ತೆಗೆಂದೇ ತಮಿಳುನಾಡು ನಗರ ರಸ್ತೆ ಮೂಲಸೌಕರ್ಯ ನಿಧಿ ಎಂಬುದು ಬಂತು. 2021ರ ನಂತರ ‘ಸಿಂಗಾರ ಚೆನ್ನೈ 2.0’, ‘ನಗರ್ಪುರ ಸಾಲೈ ಮೇಂಬಾಟ್ಟು ತಿಟ್ಟಂ’, ಅಂದರೆ ನಗರ ರಸ್ತೆ ಅಭಿವೃದ್ಧಿ ಯೋಜನೆ, ಇವುಗಳಿಂದಲೂ ಒಳರಸ್ತೆಗಳಿಗೆ ಹಣ ಹರಿಯಿತು. ಹೆಸರು ಬದಲಾಗಬಹುದು, ಸರ್ಕಾರ ಬದಲಾಗಬಹುದು. ಕ್ರಮ ಮಾತ್ರ ಒಂದೇ: ಹಣ ಕೊಡುವುದು ರಾಜ್ಯ, ಟೆಂಡರು ಕರೆದು ಕೆಲಸ ಮಾಡಿಸುವುದು ಕಾರ್ಪೊರೇಷನ್.

ಆ ಹಣಕ್ಕೆ ಮೂಲ ಎಲ್ಲಿ? ನೀವು ಬೈಕಿಗೆ ಹಾಕಿಸುವ ಪೆಟ್ರೋಲಿನ ಮೇಲೆ ರಾಜ್ಯದ ತೆರಿಗೆ ಇದೆ. ಬೈಕು ಕೊಂಡ ದಿನ ಕಟ್ಟಿದ ವಾಹನ ತೆರಿಗೆ ಇದೆ. ಸರವಣ ಭವನದಲ್ಲಿ ತಿಂದ ದೋಸೆಯ ಬಿಲ್ಲಿನ ಜಿ.ಎಸ್.ಟಿ.ಯಲ್ಲಿ ಅರ್ಧ ರಾಜ್ಯದ್ದು. ರಸ್ತೆ ಬಳಸುವವರಿಂದಲೇ ರಸ್ತೆಗೆ ಹಣ ಕೂಡಿಸುವ ಉಪಾಯ ಹೊಸದೇನೂ ಅಲ್ಲ. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚು ಸುಂಕ ಹಾಕಿ ಕೇಂದ್ರ ರಸ್ತೆ ನಿಧಿಯನ್ನು ಕಟ್ಟಿದರು. ಅಂದಿನ ಆ 2 ಆಣೆಯ ತತ್ವ ಇಂದಿಗೂ ನಡೆಯುತ್ತಿದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಆ ಹಳ್ಳದಲ್ಲಿ ನಿಮ್ಮ ಹನಿಯೂ ಇದೆ.

ಮನೆ ತಗ್ಗಾದದ್ದು ಹೇಗೆ?

‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ರಸ್ತೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಹೇಗೆಂದು ನೋಡಿ.

ಹಳೆಯ ಟಾರಿನ ಮೇಲೆಯೇ ಹೊಸ ಟಾರು ಹಾಕಿದಾಗ ಒಂದು ಸಲಕ್ಕೆ ರಸ್ತೆ 4 ಸೆಂಟಿಮೀಟರ್ ಏರಿತು ಎಂದಿಟ್ಟುಕೊಳ್ಳಿ. ಐದು ಸಲ ಹಾಕುವ ಹೊತ್ತಿಗೆ 20 ಸೆಂಟಿಮೀಟರ್, ಅಂದರೆ ಒಂದು ಮೆಟ್ಟಿಲಿಗಿಂತ ಎತ್ತರ. ನಿಮ್ಮ ಅಜ್ಜ ಕಟ್ಟಿಸಿದಾಗ ರಸ್ತೆಗಿಂತ ಎರಡು ಮೆಟ್ಟಿಲು ಮೇಲಿದ್ದ ಮನೆ ಕ್ರಮೇಣ ರಸ್ತೆಯ ಮಟ್ಟಕ್ಕೆ ಬಂದು, ಆಮೇಲೆ ಅದಕ್ಕಿಂತ ಕೆಳಗಾಗುತ್ತದೆ. ಮನೆ ಕುಸಿಯಲಿಲ್ಲ, ರಸ್ತೆ ಬೆಳೆಯಿತು. ಮಳೆ ಬಂದರೆ ನೀರು ಚರಂಡಿಗೆ ಹೋಗುವ ಬದಲು ಹೊಸಲು ದಾಟಿ ಒಳಗೆ ಬರುತ್ತದೆ. 2015ರ ಡಿಸೆಂಬರಿನ ಪ್ರವಾಹ, 2021ರ ನವೆಂಬರಿನ ಮಳೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಇವುಗಳಿಗೆ ಕಾರಣ ಹಲವು. ಕೆರೆಗಳನ್ನು ಮುಚ್ಚಿದ್ದು, ನದಿಗಳನ್ನು ಕಿರಿದು ಮಾಡಿದ್ದು ದೊಡ್ಡ ಕಾರಣಗಳು. ಆದರೆ ಒಂದು ಮನೆಯೊಳಗೆ ನೀರು ಬಂದು ಪಕ್ಕದ ಮನೆಯೊಳಗೆ ಬಾರದೆ ಇದ್ದದ್ದಕ್ಕೆ ಎಷ್ಟೋ ಕಡೆ ಕಾರಣ ಈ ಒಂದೆರಡು ಅಡಿಯ ಎತ್ತರವೇ. ಕೈಯಲ್ಲಿ ಹಣವಿದ್ದವರು ಹಳೆಯ ಮನೆ ಕೆಡವಿ ಎತ್ತರಿಸಿ ಕಟ್ಟಿಸುತ್ತಾರೆ. ಇಲ್ಲದವರು, ನೆಲಮಹಡಿಯಲ್ಲಿ ಬಾಡಿಗೆಗಿರುವವರು, ಪ್ರತಿ ಐಪ್ಪಸಿಯಲ್ಲೂ ಅಕ್ಕಿ ಡಬ್ಬವನ್ನು ಮಂಚದ ಮೇಲೆ ಏರಿಸುತ್ತಾರೆ.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದಲ್ಲ. ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆದು, ಅಷ್ಟೇ ದಪ್ಪದ ಹೊಸ ಪದರ ಹಾಕಬೇಕು. ಇದಕ್ಕೆ ‘ಮಿಲ್ಲಿಂಗ್’ ಎನ್ನುತ್ತಾರೆ. 2021ರ ಮೇ ತಿಂಗಳಿನಲ್ಲಿ ಅಂದಿನ ಮುಖ್ಯ ಕಾರ್ಯದರ್ಶಿ ವಿ. ಇರೈಯನ್ಬು ಅವರು, ಹಳೆಯ ಪದರವನ್ನು ಕೆರೆದು ತೆಗೆಯದೆ ಹೊಸ ರಸ್ತೆ ಹಾಕಬಾರದು, ರಸ್ತೆಯ ಎತ್ತರ ಏರಬಾರದು ಎಂದು ಇಲಾಖೆಗಳಿಗೆ ಸೂಚನೆ ಕೊಟ್ಟರು. ಸೂಚನೆ ಕಾಗದದ ಮೇಲಿದೆ. ಆದರೆ ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಬೀದಿಗೆ ಟಾರಿನ ಲಾರಿ ಬಂದಾಗ ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವವರು ಯಾರು? ಮುಖ್ಯ ಕಾರ್ಯದರ್ಶಿಗಳು ಬರಲಾರರು. ನೋಡಬೇಕಾದವರು ಆ ಬೀದಿಯಲ್ಲಿ ಮಲಗುವವರೇ.

ಬೆಂಗಳೂರಿನ ಒಂದು ಪಾಠ

ರಾಜ್ಯದ ಹಣದಿಂದ ನಗರದ ಬೀದಿ ಸುಧಾರಿಸುವ ಕೆಲಸ ನಮ್ಮ ಕರ್ನಾಟಕದಲ್ಲೂ ನಡೆದಿದೆ. ಅಲ್ಲಿ ಅದಕ್ಕೆ ‘ನಗರೋತ್ಥಾನ’ ಎಂದು ಹೆಸರು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠ್ಠಲ ಮಲ್ಯ ರಸ್ತೆಗಳಲ್ಲಿ ರಾಜ್ಯದ ಹಣದಿಂದಲೇ ‘ಟೆಂಡರ್ ಶ್ಯೂರ್’ ಎಂಬ ಪದ್ಧತಿಯಲ್ಲಿ ಕೆಲಸ ಮಾಡಿದರು. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ, ಟೆಲಿಫೋನ್ ಕೇಬಲ್, ಇವೆಲ್ಲಕ್ಕೂ ಮೊದಲೇ ಪಾದಚಾರಿ ದಾರಿಯ ಕೆಳಗೆ ಜಾಗ ಮಾಡಿ, ಆಮೇಲೆ ರಸ್ತೆ ಹಾಕುವುದು ಇದರ ಕ್ರಮ. ಇಂದು ಟಾರು, ನಾಳೆ ಗುಂಡಿ ಎಂಬ ಹಳೆಯ ಆಟ ನಿಲ್ಲಬೇಕೆಂಬುದು ಉದ್ದೇಶ. ಖರ್ಚು ಬಹಳವಾಯಿತು, ನಗರದ ನಡುಭಾಗಕ್ಕೇ ಸೀಮಿತವಾಯಿತು ಎಂಬ ಟೀಕೆಯೂ ಬಂತು. ಆ ಟೀಕೆಯಲ್ಲಿ ಹುರುಳಿದೆ. ಆದರೂ ಅಗೆಯುವುದು ಮೊದಲು, ಹಾಕುವುದು ಆಮೇಲೆ ಎಂಬ ಪಾಠ ಎಲ್ಲ ಊರಿಗೂ ಬೇಕಾದದ್ದು.

ಚೆನ್ನೈಯೂ ಹಿಂದೆ ಬಿದ್ದಿಲ್ಲ. 2014ರಲ್ಲಿ ಇಲ್ಲಿನ ಕಾರ್ಪೊರೇಷನ್, ನಡೆಯುವವರಿಗೂ ಸೈಕಲ್ ಸವಾರರಿಗೂ ಆದ್ಯತೆ ಕೊಡುವ ನೀತಿಯನ್ನು ಒಪ್ಪಿಕೊಂಡಿತು. ಭಾರತದ ಬೇರೆ ನಗರಗಳು ಇದನ್ನು ಮಾದರಿಯಾಗಿ ನೋಡಿದವು. 2019ರ ನವೆಂಬರಿನಲ್ಲಿ ಟಿ. ನಗರದ ಪಾಂಡಿ ಬಜಾರಿನಲ್ಲಿ ಅಗಲವಾದ ಪಾದಚಾರಿ ದಾರಿ ತೆರೆಯಿತು. ಅದಕ್ಕೆ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ನೆರವಿತ್ತು. ಪಾಂಡಿ ಬಜಾರನ್ನು ಎಲ್ಲರೂ ನೋಡುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ನಿಮ್ಮ ಮನೆಯ ಅಡ್ಡರಸ್ತೆಯ ಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅದಕ್ಕೆ ನೀವೇ ಕಣ್ಣಾಗಬೇಕು.

ಊರ ಉಸಾಬರಿ ನಮ್ಮದೇ

ಇಲ್ಲಿ ನಮ್ಮ ಸಮಾಜದ ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಕೆಲಸ ಹುಡುಕಿ ಈ ಊರಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು, ‘ನಾವು ಹೊರಗಿನಿಂದ ಬಂದವರು, ಊರ ಉಸಾಬರಿ ನಮಗೇಕೆ?’ ಎಂದು ತಗ್ಗಿ ನಡೆದರು. ಅವರ ಕಾಲಕ್ಕೆ ಅದು ಜಾಣತನವೇ ಆಗಿದ್ದಿರಬಹುದು. ಆದರೆ ಈ ಊರಿನ ಬೀದಿಗಳು ಅವರನ್ನು ಹೊರಗಿನವರೆಂದು ದೂರವಿಡಲಿಲ್ಲ. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಕೆಥೆಡ್ರಲ್ ರಸ್ತೆಯ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 1962ರಿಂದ 2008ರವರೆಗೆ ನಡೆಯಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಗಿರಾಕಿ ಬರಲು ರಸ್ತೆ ಇಲ್ಲದಿದ್ದರೆ ಯಾವ ಹೋಟೆಲು ನಡೆದೀತು? ಈ ಊರಿನ ರಸ್ತೆಗಳಿಂದ ನಾವು ಪಡೆದಿದ್ದೇವೆ. ಕೊಡುವ ಕಾಲ ನಿಮ್ಮದು.

ಮೇಲಾಗಿ ನೀವು ಇಲ್ಲಿ ಹುಟ್ಟಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡೂ ನಿಮಗೆ ನೀರು ಕುಡಿದಷ್ಟು ಸುಲಭ. ಕಾರ್ಪೊರೇಷನ್ನಿನ ಕಚೇರಿಯಲ್ಲಿ ನಿಮ್ಮ ತಂದೆಗಿದ್ದ ಸಂಕೋಚ ನಿಮಗೇಕೆ? ‘ನಮ್ಮ ಬೆಂಗಳೂರು’ ಎನ್ನುವಾಗಿನ ‘ನಮ್ಮ’ವೇ ‘ನಮ್ಮ ಚೆನ್ನೈ’ಯಲ್ಲೂ ಇದೆ. ಎರಡು ಭಾಷೆಗೂ ಒಂದೇ ಪದ!

ಆದರೂ ನಡೆದದ್ದೇನು? 2016ರಿಂದ ಚುನಾಯಿತ ಸದಸ್ಯರೇ ಇಲ್ಲದಿದ್ದ ಕಾರ್ಪೊರೇಷನ್ನಿಗೆ 2022ರ ಫೆಬ್ರವರಿಯಲ್ಲಿ ಚುನಾವಣೆ ನಡೆದಾಗ, ಚೆನ್ನೈಯಲ್ಲಿ ಮತ ಹಾಕಿದವರು ನೂರಕ್ಕೆ ಐವತ್ತೂ ಆಗಲಿಲ್ಲ. ಆ ಚುನಾವಣೆಯ ನಂತರ ಮೇಯರ್ ಆದ ಆರ್. ಪ್ರಿಯಾ ಅವರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಅವರು ಈ ನಗರದ ಮೊದಲ ದಲಿತ ಮಹಿಳಾ ಮೇಯರ್. ನಗರದ ಕೆಲಸ ನರೆತ ತಲೆಯವರದ್ದು ಮಾತ್ರ ಎಂದು ಇನ್ನು ಯಾರೂ ಹೇಳುವಂತಿಲ್ಲ.

ನೀವು ಏನು ಮಾಡಬಹುದು?

ಮೊದಲು ನಿಮ್ಮ ಬೀದಿಯ ಫಲಕವನ್ನು ನಿಂತು ಓದಿ. ಬೀದಿಯ ಹೆಸರಿನ ಜೊತೆಗೆ ವಾರ್ಡ್ ಸಂಖ್ಯೆ, ವಲಯದ ಸಂಖ್ಯೆ ಇರುತ್ತದೆ. ನಿಮ್ಮ ಕೌನ್ಸಿಲರ್ ಯಾರೆಂದು ತಿಳಿಯಲು ಇಷ್ಟು ಸಾಕು.

ಎರಡನೆಯದಾಗಿ, ರಸ್ತೆ ಕೆಲಸ ಆರಂಭವಾದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಯೋಜನೆಯ ಹಣ? ಹಳೆಯ ಪದರವನ್ನು ಕೆರೆದು ತೆಗೆಯುವಿರಾ? ಕೆಲಸ ಕೆಟ್ಟರೆ ಗುತ್ತಿಗೆದಾರರು ಎಷ್ಟು ಕಾಲ ಹೊಣೆ? ಜಗಳವಾಡಬೇಕಾಗಿಲ್ಲ, ಮರ್ಯಾದೆಯಿಂದ ‘ಸಾರ್’ ಎಂದು ಕೇಳಿದರೆ ಸಾಕು. ಕೆಲಸಕ್ಕೆ ಮುಂಚೆ ಮತ್ತು ನಂತರ ಮನೆಯ ಹೊಸಲಿನಿಂದ ರಸ್ತೆಯ ಮಟ್ಟವನ್ನು ಒಂದು ಟೇಪಿನಿಂದ ಅಳೆದು, ತಾರೀಖು ಹಾಕಿ ಬರೆದಿಡಿ. ವಾದಕ್ಕಿಂತ ಅಳತೆಗೆ ಬೆಲೆ ಹೆಚ್ಚು.

ಮೂರನೆಯದಾಗಿ, ದೂರಿದ್ದರೆ ಕಾರ್ಪೊರೇಷನ್ನಿನ 1913 ಸಂಖ್ಯೆಗೆ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ ಲೆಕ್ಕ ಕೇಳಬಹುದು. ಅಳುವ ಮಗುವಿಗೇ ಹಾಲು ಎಂಬುದು ಕಚೇರಿಗಳಲ್ಲೂ ನಿಜ.

ನಾಲ್ಕನೆಯದಾಗಿ, ವಾರ್ಡಿನ ಏರಿಯಾ ಸಭೆ ಕರೆದಾಗ ಹೋಗಿ ಕುಳಿತುಕೊಳ್ಳಿ. ಹಳ್ಳಿಗೆ ಗ್ರಾಮಸಭೆ ಇದ್ದಂತೆ ನಗರಕ್ಕೆ ಇದು. ತಮಿಳುನಾಡಿನ ನಗರಗಳಲ್ಲಿ ಈ ಸಭೆಗಳು ನಡೆದದ್ದು 2022ರ ನವೆಂಬರ್ 1ರಂದು, ಸ್ಥಳೀಯ ಸಂಸ್ಥೆಗಳ ದಿನವಾಗಿ. ದಿನಾಂಕ ಗಮನಿಸಿದಿರಾ? ನಾವು ಧ್ವಜ ಏರಿಸಿ, ಸಿಹಿ ಹಂಚಿ, ರಾಜ್ಯೋತ್ಸವ ಮಾಡುವ ದಿನವೇ ಅದು. ಬೆಳಿಗ್ಗೆ ಕನ್ನಡದ ಹಾಡು, ಸಂಜೆ ಬೀದಿಯ ಸಭೆ, ಇವೆರಡರಲ್ಲಿ ಯಾವ ವಿರೋಧವೂ ಇಲ್ಲ.

ಸಂಘದ ಯುವ ಸದಸ್ಯರಿಗೆ ಒಂದು ಕೋರಿಕೆ. ಟಿ. ನಗರವೋ, ಅಯನಾವರವೋ, ಪೆರಂಬೂರೋ, ನೀವು ಎಲ್ಲಿದ್ದರೂ ನಿಮ್ಮ ಬೀದಿಗೆ ಕಳೆದ ಸಲ ಟಾರು ಬಿದ್ದದ್ದು ಯಾವಾಗ, ಯಾವ ಹಣದಿಂದ, ಹೊಸಲಿಗೂ ರಸ್ತೆಗೂ ಈಗ ಎಷ್ಟು ಅಂತರ ಎಂಬುದನ್ನು ವಿಚಾರಿಸಿ, ಒಂದು ಪುಟ ಬರೆದು ಕಳಿಸಿ. ಕನ್ನಡದಲ್ಲಿ ಬರೆಯಿರಿ, ತಪ್ಪಿದ್ದರೆ ತಿದ್ದಿಕೊಳ್ಳೋಣ. ಹತ್ತು ಬೀದಿಗಳ ಲೆಕ್ಕ ಸೇರಿದರೆ ಅದನ್ನು ತಮಿಳಿಗೆ ತಿರುಗಿಸಿ ನಿಮ್ಮ ಕೌನ್ಸಿಲರ ಕೈಗೆ ಕೊಡಲು ನಿಮ್ಮಲ್ಲೇ ಜನರಿದ್ದಾರೆ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಆ ಕೆಲಸ ಆಗಲಿ.