ಬಾಟಲಿಗೆ ಬೀಳುವುದು ಗಂಡು ನೊಣ ಮಾತ್ರ

ಮಾವಿನ ಹಣ್ಣಿನ ಮೇಲೆ ತೂತು ಕಂಡರೆ ಹುಳ ಅಲ್ಲಿಂದ ಒಳಗೆ ಹೊಕ್ಕಿದೆ ಎಂದುಕೊಳ್ಳುತ್ತೇವೆ. ಹಣ್ಣುನೊಣದ ವಿಷಯದಲ್ಲಿ ಇದು ತಲೆಕೆಳಗು. ಕಣ್ಣಿಗೆ ಎದ್ದು ಕಾಣುವ ತೂತು ಹುಳ ಹೊರಗೆ ಹೋದ ದಾರಿ. ಒಳಗೆ ಬಂದ ಗುರುತು ಬೇಕೆಂದರೆ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಹುಡುಕಬೇಕು. ಎಲ್ಲೋ ಒಂದು ಕಡೆ ಸಣ್ಣ ಕಂದು ಚುಕ್ಕೆ ಇರುತ್ತದೆ, ಅದರ ಸುತ್ತ ಸಿಪ್ಪೆ ಕೊಂಚ ಮೆತ್ತಗಾಗಿರುತ್ತದೆ, ಕೆಲವೊಮ್ಮೆ ಸೊನೆಯ ಹನಿ ಒಣಗಿ ಅಂಟಿಕೊಂಡಿರುತ್ತದೆ. ಹೆಣ್ಣು ನೊಣ ತನ್ನ ಹೊಟ್ಟೆಯ ತುದಿಯ ಚೂಪು ಕೊಳವೆಯನ್ನು ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಟ್ಟು ಹೋದ ಜಾಗ ಅದು. ಓಟೆಯೊಳಗೆ ಸಿಗುವ ಕಪ್ಪು ದುಂಬಿಯ ಕತೆ ಬೇರೆ, ಅದು ಓಟೆ ಕೊರೆಯುವ ಹುಳು. ತಿರುಳಿನಲ್ಲಿ ಹರಿದಾಡುವ ಬಿಳಿ ಹುಳ ಮಾತ್ರ ಈ ನೊಣದ ಸಂತಾನ.

ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಗುಂಯ್‌ಗುಡುವ ಚಿಕ್ಕ ನೊಣವೂ ಇದಲ್ಲ. ಅದು ಡ್ರೊಸೊಫಿಲಾ, ಆಗಲೇ ಕೊಳೆಯುತ್ತಿರುವ ಹಣ್ಣಿಗೆ ಬರುವಂಥದ್ದು. ತೋಟದ ಶತ್ರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಮನೆನೊಣದಷ್ಟೇ ಗಾತ್ರ, ಬೆನ್ನ ಮೇಲೆ ಹಳದಿ ಪಟ್ಟೆಗಳು, ಹೊಟ್ಟೆಯ ಮೇಲೆ ಕಪ್ಪು ಗೆರೆಗಳು. ದೂರದಿಂದ ನೋಡಿದರೆ ಕಣಜ ಎಂದೇ ಅನ್ನಿಸುತ್ತದೆ. ಇದು ಕೊಳೆತದ್ದನ್ನು ಹುಡುಕಿಕೊಂಡು ಬರುವುದಿಲ್ಲ. ಇನ್ನೂ ಮರದಲ್ಲೇ ಇರುವ, ಬಲಿತು ಬಣ್ಣ ತಿರುಗುತ್ತಿರುವ ಒಳ್ಳೆಯ ಹಣ್ಣನ್ನೇ ಆರಿಸುತ್ತದೆ. ರೈತನ ಕೈಗೆ ದುಡ್ಡು ಬರಬೇಕಾದ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬುದೇ ಇದರ ಕಾಟದ ವಿಶೇಷ.

ಮೊಟ್ಟೆ ಒಂದು ಮಿಲಿಮೀಟರ್ ಉದ್ದ, ಬಿಳುಪು, ತುಸು ಬಾಗಿದ ಆಕಾರ. ಬೇಸಿಗೆಯ ಕಾವಿನಲ್ಲಿ ಒಂದೆರಡು ದಿನಕ್ಕೆ ಒಡೆಯುತ್ತದೆ. ಮರಿಹುಳು ತಿರುಳು ತಿನ್ನುತ್ತ ಒಳಗೊಳಗೇ ಸಾಗುತ್ತದೆ, ಜೊತೆಗೆ ಬಂದ ಬ್ಯಾಕ್ಟೀರಿಯಾ ತಿರುಳನ್ನು ಕೊಳೆಸುತ್ತದೆ. ವಾರ ಕಳೆಯುವಷ್ಟರಲ್ಲಿ ಹಣ್ಣು ಸಾಮಾನ್ಯವಾಗಿ ನೆಲಕ್ಕೆ ಬಿದ್ದಿರುತ್ತದೆ. ಪೂರ್ತಿ ಬೆಳೆದ ಹುಳವನ್ನು ಒಂದು ತಟ್ಟೆಯ ಮೇಲೆ ಹಾಕಿ ನೋಡಿ. ಕಾಲಿಲ್ಲದ ಜೀವಿ ಮೊದಲು ಸುಮ್ಮನೆ ತೆವಳುತ್ತದೆ. ಆಮೇಲೆ ಮೈ ಬಾಗಿಸಿ, ಬಾಯಿಯ ಕೊಕ್ಕೆಯಿಂದ ತನ್ನದೇ ಬಾಲವನ್ನು ಕಚ್ಚಿ, ಮೈಯನ್ನು ಬಿಗಿ ಹಿಡಿದು, ಥಟ್ಟನೆ ಬಿಡುತ್ತದೆ. ತಟ್ಟೆಯಾಚೆಗೆ ನೆಗೆದು ಬೀಳುತ್ತದೆ. ಹಣ್ಣಿನಿಂದ ಹೊರಬಂದ ಹುಳ ಇರುವೆ, ಹಕ್ಕಿಗಳ ಕಣ್ಣು ತಪ್ಪಿಸಿ ಮೆತ್ತನೆಯ ಮಣ್ಣು ಸೇರಿಕೊಳ್ಳುವುದು ಹೀಗೆ. ಕೆಲವೇ ಸೆಂಟಿಮೀಟರ್ ಆಳದಲ್ಲಿ ಅದು ಕೋಶವಾಗುತ್ತದೆ, ಗೋಧಿ ಕಾಳಿನ ಬಣ್ಣ, ಹೆಚ್ಚುಕಡಿಮೆ ಅದೇ ಆಕಾರ. ಸುಮಾರು ಹತ್ತು ದಿನಕ್ಕೆ ನೊಣ ಮೇಲೆದ್ದು ಬರುತ್ತದೆ. ಒಂದು ಹೆಣ್ಣು ತನ್ನ ಬದುಕಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಇಷ್ಟು ತಿಳಿದರೆ ಔಷಧಿ ಹೊಡೆಯುವುದು ಏಕೆ ಕೈಕೊಡುತ್ತದೆ ಎಂಬುದು ತಾನೇ ಗೊತ್ತಾಗುತ್ತದೆ. ಮೊಟ್ಟೆ, ಮರಿ ಎರಡೂ ಸಿಪ್ಪೆಯ ಒಳಗೆ, ಕೋಶ ಮಣ್ಣಿನೊಳಗೆ. ಹೊರಗೆ ಸಿಗುವುದು ಬೆಳೆದ ನೊಣ ಒಂದೇ, ಅದಕ್ಕೆ ರೆಕ್ಕೆ ಇದೆ. ಕೊಯ್ಲಿಗೆ ಹತ್ತು ದಿನ ಇರುವಾಗ ಇಡೀ ಮರ ತೊಯ್ಯುವಂತೆ ವಿಷ ಹೊಡೆದರೆ ಅದರ ಶೇಷ ಹೋಗುವುದು ತಿನ್ನುವವರ ಹೊಟ್ಟೆಗೆ.

ನೊಣವನ್ನು ಆಸೆ ತೋರಿಸಿ ಕರೆಯಬಹುದು ಎಂದು ಗೊತ್ತಾದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಕೇಂದ್ರದ ಕೀಟಶಾಸ್ತ್ರಜ್ಞ ಎಫ್. ಎಂ. ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು 1912ರಲ್ಲಿ ಬರೆದು ಪ್ರಕಟಿಸಿದರು. ಬಂದ ನೊಣಗಳನ್ನು ಹಿಡಿದು ನೋಡಿದರೆ ಎಲ್ಲವೂ ಗಂಡು. ಎಣ್ಣೆಯಲ್ಲಿ ಯಾವ ಅಂಶ ಅವುಗಳನ್ನು ಸೆಳೆಯುತ್ತಿದೆ ಎಂದು ಹುಡುಕುತ್ತ ಹೋದ ಅವರು 1915ರ ಹೊತ್ತಿಗೆ ಮೀಥೈಲ್ ಯೂಜಿನಾಲ್ ಹೆಸರನ್ನು ಮುಂದಿಟ್ಟರು. ಇವತ್ತು ಗೊಬ್ಬರದ ಅಂಗಡಿಯಲ್ಲಿ ಸಿಗುವ ಮೋಹಕ ಬಲೆಯ ಒಳಗಿರುವುದು ಅದೇ ವಸ್ತು. ತುಳಸಿಯಲ್ಲೂ ಇದೆ, ತೆಂಗಿನ ಚಿಪ್ಪಿನಲ್ಲಿ ತುಳಸಿ ಎಲೆ ಜಜ್ಜಿಟ್ಟು, ನಾಲ್ಕು ಹನಿ ಕೀಟನಾಶಕ ಬೆರೆಸಿ ನೊಣ ಹಿಡಿಯುವ ರೈತರ ಉಪಾಯ ಕೆಲಸ ಮಾಡುವುದು ಇದರಿಂದಲೇ. ಗಾಳಿ ಅನುಕೂಲವಾಗಿದ್ದರೆ ಅರ್ಧ ಮೈಲಿ ದೂರದಿಂದಲೂ ಗಂಡು ನೊಣ ಈ ವಾಸನೆಗೆ ಹಾರಿ ಬರುತ್ತದೆ.

ಏಕೆ ಬರುತ್ತದೆ? ಇದು ಹೆಣ್ಣಿನ ವಾಸನೆಯಲ್ಲ. ಲಿಂಗಾಕರ್ಷಕ ಬಲೆ ಎಂದು ಹೆಸರಿಟ್ಟು ಮಾರುತ್ತಾರಾದರೂ ಮೀಥೈಲ್ ಯೂಜಿನಾಲ್ ಗಿಡಗಳಲ್ಲಿ ಸಿಗುವ ವಸ್ತು. ಜಪಾನಿನ ರಿತ್ಸುವೊ ನಿಶಿದಾ ಮತ್ತು ಮಲೇಷ್ಯಾದ ಕೆಂಗ್ ಹಾಂಗ್ ತಾನ್ ದಶಕಗಳ ಕಾಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ಗಂಡು ಅದನ್ನು ಮೂಸುವುದಷ್ಟೇ ಅಲ್ಲ, ನೆಕ್ಕಿ ತಿನ್ನುತ್ತದೆ. ತಿಂದದ್ದನ್ನು ಮೈಯೊಳಗೆ ಬೇರೆ ಎರಡು ರಾಸಾಯನಿಕಗಳಾಗಿ ಮಾರ್ಪಡಿಸಿ ಗುದದ ಬಳಿಯ ಗ್ರಂಥಿಯಲ್ಲಿ ಕೂಡಿಡುತ್ತದೆ. ಮುಸ್ಸಂಜೆಯಾಗುತ್ತಲೇ ಎಲೆಯ ಮೇಲೆ ಕೂತು ರೆಕ್ಕೆ ಅದುರಿಸುತ್ತ ಆ ಗಂಧವನ್ನು ಹರಡುತ್ತದೆ. ಹೆಣ್ಣು ಹುಡುಕಿಕೊಂಡು ಬರುವುದು ಈ ಎರಡನೆಯ ಗಂಧವನ್ನು. ತಿಂದ ಗಂಡಿಗೆ ಹೆಣ್ಣು ಒಲಿಯುವುದು ಹೆಚ್ಚು, ತಿನ್ನದಿದ್ದದ್ದಕ್ಕೆ ಕಡಿಮೆ. ಆಗ್ನೇಯ ಏಷ್ಯಾದ ಕಾಡುಗಳ ಬಲ್ಬೋಫಿಲಂ ಎಂಬ ಆರ್ಕಿಡ್‌ಗಳು ಇದರ ಲಾಭ ಪಡೆಯುತ್ತವೆ. ಹೂವಿನಲ್ಲಿ ಮೀಥೈಲ್ ಯೂಜಿನಾಲ್ ಇಟ್ಟು ನೊಣವನ್ನು ಕರೆಯುತ್ತವೆ. ನೊಣ ನೆಕ್ಕುತ್ತ ಮುಂದೆ ಸರಿದಾಗ ಹೂವಿನ ತುಟಿ ಮಗುಚಿ ಅದನ್ನು ಒಳಕ್ಕೆ ತಳ್ಳುತ್ತದೆ, ಬೆನ್ನಿಗೆ ಪರಾಗದ ಗಂಟು ಅಂಟಿಕೊಳ್ಳುತ್ತದೆ. ನಮ್ಮ ಪಾಲಿಗೆ ಪೀಡೆಯಾದದ್ದು ಆ ಹೂವಿನ ಪಾಲಿಗೆ ಪರಾಗ ಹೊರುವ ಆಳು.

ಬಲೆಯ ತಯಾರಿ ಸರಳ. ಪ್ಲೈವುಡ್‌ನ ಸಣ್ಣ ತುಂಡನ್ನು ಮದ್ಯಸಾರ, ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದ ಮಿಶ್ರಣದಲ್ಲಿ ನೆನೆಹಾಕಿ, ಪಕ್ಕದಲ್ಲಿ ಕಿಂಡಿ ಕೊಯ್ದ ನೀರಿನ ಬಾಟಲಿಯೊಳಗೆ ತೂಗುಹಾಕಿದರಾಯಿತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವಿನ ಹಣ್ಣುನೊಣದ ಸಮಗ್ರ ಹತೋಟಿಯ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ, ಈ ಬಲೆ ಅದರ ಒಂದು ಭಾಗ. ಕಟ್ಟಿ ಒಂದು ವಾರಕ್ಕೆ ಬಾಟಲಿ ಅರ್ಧ ತುಂಬುತ್ತದೆ. ನೋಡಿದವರಿಗೆ ಯುದ್ಧ ಗೆದ್ದಂತೆ ಅನ್ನಿಸುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಬಾಟಲಿಯಲ್ಲಿ ಸತ್ತುಬಿದ್ದಿರುವುದೆಲ್ಲ ಗಂಡು. ಹಣ್ಣು ಚುಚ್ಚುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುವುದರಿಂದ ನೂರರಲ್ಲಿ ತೊಂಬತ್ತು ಗಂಡು ಸತ್ತರೂ ಉಳಿದ ಹತ್ತು ಸಾಕು. ಆಗಲೇ ಕೂಡಿದ ಹೆಣ್ಣು ಪಕ್ಕದ ತೋಪಿನಿಂದ ಹಾರಿ ಬಂದರೆ ನಿಮ್ಮ ಬಾಟಲಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ಬಲೆ ನಿಷ್ಪ್ರಯೋಜಕವೇ? ಅಲ್ಲ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಅಮೆರಿಕದ ವಿಜ್ಞಾನಿ ಸ್ಟೈನರ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ನಾರಿನ ತುಂಡುಗಳನ್ನು ವಿಮಾನದಿಂದ ದ್ವೀಪದ ತುಂಬ ಎಸೆದರು. ನೊಣದ ಸಂತತಿಯೇ ಅಲ್ಲಿಂದ ಅಳಿಸಿಹೋಯಿತು. ಹೆಚ್ಚುಕಡಿಮೆ ಒಂದೂ ಗಂಡು ಉಳಿಯದಂತೆ ಮಾಡಿದರೆ ಹೆಣ್ಣಿನ ಮೊಟ್ಟೆ ಬಂಜೆಯಾಗುತ್ತದೆ, ಲೆಕ್ಕ ಇಷ್ಟೇ. ಆದರೆ ಅಲ್ಲಿ ಇಡೀ ದ್ವೀಪಕ್ಕೆ ಮದ್ದು ಹಾಕಿದರು, ಸುತ್ತಲೂ ಸಮುದ್ರವಿತ್ತು. ನಮ್ಮಲ್ಲಿ ಎರಡು ಎಕರೆಗೆ ಹಾಕುತ್ತೇವೆ, ಸುತ್ತಲೂ ಬೇರೆಯವರ ಮಾವು.

ಹಾಗಲ, ಹೀರೆ, ಪಡವಲ, ಸೌತೆಗಳಿಗೆ ಬರುವುದು ಈ ನೊಣದ ದಾಯಾದಿ. ಅದಕ್ಕೆ ಮೀಥೈಲ್ ಯೂಜಿನಾಲ್ ಹಿಡಿಸುವುದಿಲ್ಲ, ಕ್ಯೂ ಲ್ಯೂರ್ ಎಂಬ ಬೇರೆ ಮದ್ದು ಬೇಕು. ಮಾವಿನ ಬಲೆಯನ್ನೇ ತಂದು ಹೀರೆಯ ಚಪ್ಪರಕ್ಕೆ ಕಟ್ಟಿ ಫಲ ಕಾಣಲಿಲ್ಲ ಎನ್ನುವವರು ಈ ವ್ಯತ್ಯಾಸ ಗಮನಿಸಬೇಕು. ಕ್ಯೂ ಲ್ಯೂರ್‌ನ ಸೆಳೆತವೂ ಅಷ್ಟು ಜೋರಲ್ಲ. ಜಪಾನಿನ ಒಕಿನಾವಾದಲ್ಲಿ ಇದೇ ಕಾರಣಕ್ಕೆ ಬೇರೆ ದಾರಿ ಹಿಡಿದರು. ಅಲ್ಲಿನ ದಕ್ಷಿಣದ ದ್ವೀಪಗಳಲ್ಲಿ ಸೌತೆಯ ನೊಣ 1919ರಲ್ಲಿ ಕಾಣಿಸಿಕೊಂಡಿತ್ತು, ಬರಬರುತ್ತ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಅಲ್ಲಿಯವರ ಪ್ರೀತಿಯ ಹಾಗಲಕಾಯಿಯನ್ನು ಜಪಾನಿನ ಮುಖ್ಯಭಾಗಕ್ಕೆ ಕಳಿಸುವಂತಿರಲಿಲ್ಲ. 1970ರ ದಶಕದಲ್ಲಿ ಕಾರ್ಖಾನೆ ಕಟ್ಟಿ ನೊಣಗಳನ್ನೇ ಸಾಕತೊಡಗಿದರು. ಕೋಶದ ಹಂತದಲ್ಲಿ ಗಾಮಾ ಕಿರಣ ಹಾಯಿಸಿ ಬಂಜೆ ಮಾಡಿ ಹೊರಗೆ ಬಿಟ್ಟರು. ಬಂಜೆ ಗಂಡಿನ ಜೊತೆ ಕೂಡಿದ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಮೊದಲು ಕುಮೆ ದ್ವೀಪದಲ್ಲಿ 1978ರಲ್ಲಿ, ಕಡೆಗೆ 1993ರಲ್ಲಿ ಇಡೀ ಒಕಿನಾವಾದಲ್ಲಿ ನೊಣ ನಿರ್ಮೂಲವಾಯಿತು. ಒಟ್ಟು ಬಿಟ್ಟ ನೊಣಗಳು 5,000 ಕೋಟಿಗೂ ಹೆಚ್ಚು. ನಡುವೆ ಒಂದು ವಿಚಿತ್ರವೂ ಗಮನಕ್ಕೆ ಬಂತು: ಬೇಗ ಬೆಳೆಯುವ ನೊಣಗಳನ್ನೇ ಆರಿಸುತ್ತ ತಲೆಮಾರುಗಟ್ಟಲೆ ಸಾಕಿದರೆ ಅವು ಕೂಡುವ ಹೊತ್ತೇ ಹಿಂದಕ್ಕೆ ಸರಿಯುತ್ತದೆ. ಕಾಡಿನ ಹೆಣ್ಣು ಕತ್ತಲಾದ ಮೇಲೆ ತಯಾರಾಗುವಾಗ ಕಾರ್ಖಾನೆಯ ಗಂಡಿನ ಹೊತ್ತು ಮೀರಿರುತ್ತದೆ.

ಅಂಥದ್ದನ್ನು ಕೋಲಾರದಲ್ಲಿ ಮಾಡಬಹುದೇ ಎಂದು ಕೇಳಿದರೆ ಸದ್ಯಕ್ಕೆ ನನ್ನ ಉತ್ತರ ಇಲ್ಲ ಎಂದೇ. ಮಾವಿನ ನೊಣ ಮಾವನ್ನಷ್ಟೇ ನಂಬಿಕೊಂಡಿಲ್ಲ. ನೂರಾರು ಬಗೆಯ ಹಣ್ಣು ಅದಕ್ಕೆ ಸಾಕು. ಮಾವು ಮುಗಿದರೆ ಸೀಬೆ ಇದೆ, ಸಪೋಟ ಇದೆ, ಬೇಲಿ ಸಾಲಿನ ಕಾಡು ಹಣ್ಣುಗಳಿವೆ. ತೆರೆದ ನೆಲದಲ್ಲಿ ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯಿಂದ ತುಂಬಿಕೊಳ್ಳುತ್ತದೆ. ಈ ನೊಣ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಫ್ರಿಕಾ ಸಾಕ್ಷಿ. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕಿದ್ದು ಕೆಲವೇ ವರ್ಷಗಳಲ್ಲಿ ಸಹರಾದ ದಕ್ಷಿಣದ ಹಲವಾರು ದೇಶಗಳಿಗೆ ಹರಡಿತು. ಮೊದಲು ಅದನ್ನು ಹೊಸ ಪ್ರಭೇದವೆಂದು ತಿಳಿದು ಬ್ಯಾಕ್ಟ್ರೊಸೆರಾ ಇನ್ವೇಡೆನ್ಸ್ ಎಂದು ಹೆಸರಿಟ್ಟರು, 2015ರಲ್ಲಿ ಇದು ನಮ್ಮ ಡಾರ್ಸಾಲಿಸ್ಸೇ ಎಂದು ತೀರ್ಮಾನವಾಯಿತು. ಅದೇ ಆಫ್ರಿಕಾದ ಬೆನಿನ್ ದೇಶದ ತೋಪುಗಳಲ್ಲಿ ನಮ್ಮ ಚಗಳಿ ಇರುವೆಯ ಹತ್ತಿರದ ನೆಂಟ ಗೂಡು ಕಟ್ಟಿದ ಮರಗಳಲ್ಲಿ ನೊಣದ ಕಾಟ ಕಡಿಮೆ ಇದ್ದದ್ದನ್ನು ಸಂಶೋಧಕರು ಕಂಡುಕೊಂಡರು. ನಮ್ಮ ಮಲೆನಾಡಿನಲ್ಲಿ ಚಗಳಿ ಚಟ್ನಿಗಷ್ಟೇ ಹೆಸರುವಾಸಿ.

ಹೊರದೇಶಕ್ಕೆ ಹಣ್ಣು ಕಳಿಸುವವರಿಗೆ ಈ ನೊಣ ಇನ್ನೂ ದುಬಾರಿ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿನ ಜೊತೆಗೆ ಹಾಗಲ, ಪಡವಲ, ಬದನೆ, ಕೆಸುಗಳನ್ನೂ ತಡೆಹಿಡಿಯಿತು. ಹಿಂದಿನ ವರ್ಷ ಬಂದ ಸರಕಿನಲ್ಲಿ ಹಣ್ಣುನೊಣ ಮತ್ತಿತರ ಕೀಟ ಸಿಕ್ಕಿದ್ದೇ ಕಾರಣ. ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ತೆರವಾಯಿತು. ಈಗ ಕೆಲವು ದೇಶಗಳಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಮುಳುಗಿಸುತ್ತಾರೆ. ಜಪಾನ್ ಹಬೆಯ ಉಪಚಾರ ಕೇಳುತ್ತದೆ. ಅಮೆರಿಕಕ್ಕೆ ಗಾಮಾ ಕಿರಣ ಹಾಯಿಸಿಯೇ ಕಳಿಸಬೇಕು. ನಮ್ಮ ಮಾಲೂರಿನಲ್ಲೂ ಅಂಥದ್ದೊಂದು ಘಟಕವಿದೆ. ಇವೆಲ್ಲ ಕೊಯ್ದ ಮೇಲಿನ ಮಾತು. ಊರಿನ ಮಂಡಿಗೆ ಹೋಗುವ ತೋತಾಪುರಿಗೆ ಬಿಸಿನೀರ ಸ್ನಾನ ಮಾಡಿಸುವವರು ಯಾರು?

ತೋಟದಲ್ಲೇ ತಡೆಯಬೇಕೆಂದರೆ ಹೆಣ್ಣಿನ ಕಡೆ ಮತ್ತು ನೆಲದ ಕಡೆ ನೋಡಬೇಕು. ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕು, ಆ ಹಸಿವಿಗೇ ಪ್ರೋಟೀನ್ ಬೆರೆಸಿದ ವಿಷದ ಆಮಿಷ ಒಡ್ಡುತ್ತಾರೆ. ಅದು ದುಬಾರಿಯಾದಲ್ಲಿ ಬೆಲ್ಲದ ನೀರು. ಇಡೀ ಮರಕ್ಕೆ ಬೇಡ, ಕಾಂಡಕ್ಕೂ ಒಂದೆರಡು ಕೊಂಬೆಗೂ ಎರಚಿದರೆ ಸಾಕು. ಹಾಗಲಕಾಯಿ ಎಳೆಯದಾಗಿದ್ದಾಗಲೇ ಕಾಗದದ ಚೀಲ ತೊಡಿಸಿದರೆ ಅದಕ್ಕಿಂತ ಖಾತ್ರಿಯಾದ ಮದ್ದಿಲ್ಲ.

ಎಲ್ಲಕ್ಕಿಂತ ದೊಡ್ಡದು ಬಿದ್ದ ಹಣ್ಣು. ಒಂದು ಹುಳುಕು ಮಾವಿನಲ್ಲಿ ಹತ್ತಾರು ಹುಳ ಇರುತ್ತವೆ, ಅದನ್ನು ಮರದ ಬುಡದಲ್ಲೇ ಬಿಟ್ಟರೆ ಮೂರನೆಯ ವಾರಕ್ಕೆ ಹತ್ತಾರು ನೊಣ. ಶ್ರೀನಿವಾಸಪುರದ ಸೀಮೆಯಲ್ಲಿ ಮಾವು ತಡ, ಮುಂಗಾರು ಶುರುವಾದ ಮೇಲೂ ಹಣ್ಣು ಮರದಲ್ಲೇ ಇರುತ್ತದೆ. ಮಣ್ಣು ಒದ್ದೆಯಾಗಿ ಕೋಶಗಳು ಬಿರಿಯುವುದೂ ಆಗಲೇ. ತೋಟವನ್ನು ಗುತ್ತಿಗೆಗೆ ಕೊಟ್ಟ ಕಡೆ ಪರಿಸ್ಥಿತಿ ಇನ್ನೂ ಕೆಡುತ್ತದೆ: ಗುತ್ತಿಗೆದಾರನಿಗೆ ಬೇಕಾದದ್ದು ಮರದ ಮೇಲಿನ ಹಣ್ಣು, ನೆಲದ್ದು ಯಾರದ್ದೂ ಅಲ್ಲ. ಬಿದ್ದದ್ದನ್ನು ಆಯ್ದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗಿಟ್ಟರೆ ಹುಳ ಬೆಂದು ಸಾಯುತ್ತವೆ. ಎರಡಡಿ ಆಳದ ಗುಂಡಿಯಲ್ಲಿ ಹೂಳಿದರೂ ಆದೀತು. ತಿಪ್ಪೆಗೆ ಎಸೆದರೆ ಸಾಕಿದಂತೆಯೇ. ಹವಾಯಿಯ ರೈತರು ಇದಕ್ಕೆ ಬಲೆಬಟ್ಟೆಯ ಡೇರೆ ಮಾಡಿಕೊಂಡಿದ್ದಾರೆ. ಹುಳುಕು ಹಣ್ಣನ್ನೆಲ್ಲ ಒಳಗೆ ಸುರಿಯುತ್ತಾರೆ. ಬಲೆಯ ಕಣ್ಣು ನೊಣ ದಾಟದಷ್ಟು ಚಿಕ್ಕದು, ನೊಣದ ಮೇಲೆ ಪರಾವಲಂಬಿಯಾಗಿ ಬದುಕುವ ಪುಟ್ಟ ಕಣಜ ನುಸುಳುವಷ್ಟು ದೊಡ್ಡದು. ನೊಣ ಒಳಗೇ ಸಾಯುತ್ತದೆ, ಅದರ ವೈರಿ ತೋಟಕ್ಕೆ ಹಾರುತ್ತದೆ.

ಈ ಸಲ ಹಣ್ಣು ಬಲಿಯುವ ಮೊದಲೇ ಬಲೆ ಕಟ್ಟಿ, ಆದರೆ ಅದಕ್ಕೂ ಮುಂಚೆ ಅಕ್ಕಪಕ್ಕದ ತೋಟದವರನ್ನು ಕರೆದು ಮಾತಾಡಿ. ಎಲ್ಲರೂ ಒಂದೇ ವಾರದಲ್ಲಿ ಕಟ್ಟಲಿ, ಎಲ್ಲರೂ ಬಿದ್ದ ಹಣ್ಣು ಆಯಲಿ. ಗುತ್ತಿಗೆ ಪತ್ರ ಬರೆಯುವಾಗ ನೆಲದ ಹಣ್ಣು ಎತ್ತುವ ಹೊಣೆ ಯಾರದೆಂದು ಒಂದು ಸಾಲು ಸೇರಿಸಿ.